ಪ್ರೊಸೆಸರ್ ಹಾಕಿಸದೆ ಕಳೆದ ಐದು ತಿಂಗಳು

ಮದುವೆಯ ವಿಡಿಯೊ ಜೋಡಿಸಿ ಕೊನೆಯ ಗುಂಡಿ ಒತ್ತಿದರೆ, ಬೆಳಿಗ್ಗೆ ಹತ್ತಕ್ಕೆ ಶುರುಮಾಡಿದ ನನ್ನ ಕಂಪ್ಯೂಟರ್ ಸಂಜೆ ಐದಾದರೂ ಮುಗಿಸುತ್ತಿರಲಿಲ್ಲ. ಪರದೆಯ ಮೇಲೆ ಹಸಿರು ಗೆರೆ ತೆವಳುತ್ತಿತ್ತು. ನೂರಕ್ಕೆ ಎಂಬತ್ತರ ಹತ್ತಿರ ಬಂದು ನಿಂತುಬಿಡುತ್ತಿತ್ತು. ಒಳಗಿನ ಫ್ಯಾನು ಹಳೇ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ಬಾಗೂರಿನಿಂದ ಪೆನ್‌ಡ್ರೈವ್ ಹಿಡಿದು ಬಂದವರು ಮಧ್ಯಾಹ್ನದ ಬಸ್ಸು ಬಿಟ್ಟು ಸಂಜೆಯ ಬಸ್ಸಿಗೆ ಕಾಯುತ್ತ, "ಮದುವೆನೇ ಇಷ್ಟೊತ್ತು ನಡೀಲಿಲ್ಲ ಕಣಕ್ಕ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಆ ಒಂದೇ ಮಾತಿಗೆ ಎಷ್ಟು ಜನರ ಮುಂದೆ ನಕ್ಕಿದ್ದೇನೋ ಲೆಕ್ಕವಿಲ್ಲ.

ಹೊಸದುರ್ಗದ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ನನ್ನದೊಂದು ಸಣ್ಣ ಅಂಗಡಿ. ಲಗ್ನಪತ್ರಿಕೆ, ಫೋಟೊ ಆಲ್ಬಂ, ವಿಡಿಯೊ. ಮುಂದೆ ಗಿರಾಕಿಗಳು ಕೂರುವ ಜಾಗ, ಒಳಗೆ ಕಂಪ್ಯೂಟರಿನ ಕೋಣೆ. ಆ ಕಂಪ್ಯೂಟರಿನ ಪ್ರೊಸೆಸರ್ ಬದಲಾಯಿಸಬೇಕೆನ್ನುವುದು ಎರಡು ವರ್ಷದ ಮಾತು. ಹೊಸ ಆಪರೇಟಿಂಗ್ ಸಿಸ್ಟಮ್ ಅದರ ಮೇಲೆ ಕೂರುವುದಿಲ್ಲ ಎಂದು ಪರದೆಯೇ ದಿನಾ ಬೆಳಿಗ್ಗೆ ಹೇಳುತ್ತಿತ್ತು. ದಾರಿ ಎರಡಿದ್ದವು. ಇರುವ ಮದರ್‌ಬೋರ್ಡಿಗೇ ಕೂರುವ, ಇದಕ್ಕಿಂತ ಚುರುಕಾದ, ಒಬ್ಬರು ಬಳಸಿಬಿಟ್ಟ ಪ್ರೊಸೆಸರನ್ನು ಈಗಲೇ ಹಾಕಿಸುವುದು ಒಂದು. ಇನ್ನೊಂದಷ್ಟು ದಿನ ಕಾದು ಬೋರ್ಡು, ರ‍್ಯಾಮ್ ಸಮೇತ ಎಲ್ಲವನ್ನೂ ಹೊಸದಾಗಿ ಮಾಡಿಸುವುದು ಇನ್ನೊಂದು.

ಪಕ್ಕದ ಜೆರಾಕ್ಸ್ ಅಂಗಡಿಯವನು ಕಾಯುವ ಪಕ್ಷ. "ಅವಸರ ಮಾಡ್ಬ್ಯಾಡಕ್ಕ. ಹೊಸದು ಬಿಡ್ತಾರೆ, ಬಿಟ್ಟಮ್ಯಾಲೆ ಹಿಂದಿಂದು ಇಳೀತೈತೆ."

ರಿಪೇರಿ ಅಣ್ಣ ಈಗಲೇ ಎನ್ನುವ ಪಕ್ಷ. "ಕಾಯೋರಿಗೆ ಯಾವತ್ತೂ ಮುಂದಿನ ವರ್ಷನೇ ಒಳ್ಳೇ ವರ್ಷ ಅಕ್ಕಾರೆ. ನಿಮಗೆ ಕೆಲಸ ಇವತ್ತೈತೆ."

ಈ ರಿಪೇರಿ ಅಣ್ಣ ಚಿತ್ರದುರ್ಗದವರು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು, ಆದರೂ ಅಂಗಡಿ ನಡೆಸುವ ಹೆಂಗಸರೆಲ್ಲ ಅವರಿಗೆ ಅಕ್ಕಾರೆ. ಮೊದಲು ರೇಡಿಯೊ, ಆಮೇಲೆ ಟಿ.ವಿ., ಈಗ ಕಂಪ್ಯೂಟರ್. ಸ್ವಂತ ಅಂಗಡಿ ಇಟ್ಟವರಲ್ಲ. ಸೋಮವಾರ ಹಿರಿಯೂರು, ಬುಧವಾರ ಹೊಳಲ್ಕೆರೆ, ಶುಕ್ರವಾರ ಹೊಸದುರ್ಗ. ಹೆಗಲಿಗೊಂದು ಬ್ಯಾಗು ಹಾಕಿಕೊಂಡು ಬಸ್ಸಿಳಿದು, ಅಂಗಡಿಯಿಂದ ಅಂಗಡಿಗೆ ಹೋಗಿ, ಸಂಜೆಯ ಬಸ್ಸಿಗೆ ವಾಪಸು. ಯಾರ ಕಂಪ್ಯೂಟರ್ ಯಾವತ್ತು ಕೆಟ್ಟರೂ ಅವರ ವಾರಕ್ಕೆ ಕಾಯಬೇಕು. ಕಾಯುತ್ತಿದ್ದೆವು. ಏಕೆಂದರೆ ಅವರು ಬಿಚ್ಚಿದ್ದು ಮತ್ತೆ ಕೂಡುತ್ತಿತ್ತು.

ಕೊನೆಗೆ ನಾನೂ ಈಗಲೇ ಎಂದೆ. ಅವರು ಚಿತ್ರದುರ್ಗದಲ್ಲಿ ಯಾರೋ ಬಿಚ್ಚಿಟ್ಟ ಕಂಪ್ಯೂಟರಿನಿಂದ ಒಂದು ಪ್ರೊಸೆಸರ್ ಹುಡುಕಿ ಇಟ್ಟರು. ಶುಕ್ರವಾರ ತರ್ತೀನಿ ಎಂದರು.

ಆ ಶುಕ್ರವಾರದ ವಿಷಯವನ್ನು ನಾನು ಇಲ್ಲಿ ಸರಿಯಾಗಿ ಬರೆಯಬೇಕು. ಬಾಯಲ್ಲಿ ಹೇಳುವಾಗ ಪ್ರತಿ ಸಲ ಒಂದಿಷ್ಟು ಬಿಟ್ಟು ಹೇಳಿದ್ದೇನೆ.

ನಮ್ಮ ಸಾಲಿನ ಅಂಗಡಿಗಳಲ್ಲಿ ಶುಕ್ರವಾರವೆಂದರೆ ಸಣ್ಣ ಆಯುಧಪೂಜೆ. ತಕ್ಕಡಿಗೆ, ಹೊಲಿಗೆ ಯಂತ್ರಕ್ಕೆ, ಜೆರಾಕ್ಸ್ ಮಿಷಿನ್ನಿಗೆ ಕುಂಕುಮ ಬೀಳುತ್ತದೆ. ನಾನು ಒಳಕೋಣೆಯ ನೆಲ ಒರೆಸಿ, ಮಾನಿಟರಿನ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗುತ್ತೇನೆ. ಆ ಕೋಣೆಗೆ ಯಾರೂ ಚಪ್ಪಲಿ ಹಾಕಿಕೊಂಡು ಬರುವಂತಿಲ್ಲ.

ಇನ್ನೊಂದು ವಿಷಯ. ಕಂಪ್ಯೂಟರಿನ ಡಬ್ಬ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಅದು ನನಗೆ ಬಹಳ ದಿನದಿಂದ ಗೊತ್ತಿತ್ತು. ಜೆರಾಕ್ಸಿನವನು "ನಿನ್ನ ಕಂಪ್ಯೂಟರ್ ಮೈಮ್ಯಾಲೆ ದೇವರು ಬರ್ತೈತೆ" ಎಂದು ತಮಾಷೆ ಮಾಡುತ್ತಿದ್ದ. ನಾನು ಮನೆಯಿಂದ ಊಟಕ್ಕೆ ಕೂರುವ ಒಂದು ಮಣೆ ತಂದು ಕುರ್ಚಿಯ ಕೆಳಗೆ ಹಾಕಿಕೊಂಡೆ. ಕಾಲು ಮಣೆಯ ಮೇಲಿದ್ದರೆ ಜುಮ್ಮೆನ್ನುತ್ತಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಭೌತಶಾಸ್ತ್ರ ಓದಿದವಳು ನಾನು. ಬರಿಗಾಲು, ಒದ್ದೆ ನೆಲ, ನೆಲಕ್ಕೆ ಅರ್ತ್ ತಂತಿ ಇಲ್ಲದ ಲೋಹದ ಡಬ್ಬ: ಪರೀಕ್ಷೆಯಲ್ಲಿ ಕೇಳಿದ್ದರೆ ಚಿತ್ರ ಬಿಡಿಸಿ ಬರೆಯುತ್ತಿದ್ದೆ. ಅಂಗಡಿಯಲ್ಲಿ ಮಣೆ ಹಾಕಿಕೊಂಡು ಸುಮ್ಮನಾದೆ.

ಸಾಮಾನ್ಯವಾಗಿ ಅಣ್ಣ ಮಧ್ಯಾಹ್ನ ಬರುತ್ತಿದ್ದರು. ಅಷ್ಟು ಹೊತ್ತಿಗೆ ನೆಲ ಒಣಗಿರುತ್ತಿತ್ತು, ಮಣೆ ಅದರ ಜಾಗದಲ್ಲಿರುತ್ತಿತ್ತು. ಅವತ್ತು ಬಸ್ಸು ಬೇಗ ಸಿಕ್ಕಿತೆಂದು ಹತ್ತಕ್ಕೇ ಬಂದುಬಿಟ್ಟರು. ನಾನು ಆಗ ತಾನೇ ನೆಲ ಒರೆಸಿ, ಮಣೆಯನ್ನು ತೊಳೆದು ಹೊರಗೆ ಗೋಡೆಗೆ ಒರಗಿಸಿದ್ದೆ.

"ಬರ್ರಿ ಅಣ್ಣಾರೆ. ಚಪ್ಪಲಿ ಹೊರಗೆ ಬಿಡ್ರಿ."

"ಇರ್ಲಿ ಬಿಡ್ರಿ ಅಕ್ಕಾರೆ, ರಬ್ಬರ್ ಚಪ್ಪಲಿ. ಕರೆಂಟಿನ ಕೆಲಸ ಐತೆ."

"ಈಗ ತಾನೇ ಪೂಜೆ ಮಾಡೀನಿ. ಬಿಟ್ಟು ಬರ್ರಿ."

ಅವರು ನಕ್ಕರು. ಬಿಟ್ಟು ಬಂದರು.

ಮೇಜಿನ ಕೆಳಗಿದ್ದ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತರು. ಕಂಪ್ಯೂಟರ್ ಚಾಲೂ ಇತ್ತು. "ಮೊದಲು ಈ ಫ್ಯಾನಿನ ಸದ್ದು ಕೇಳಾಣ, ಆಮೇಲೆ ಆಫ್ ಮಾಡಾಣ" ಎನ್ನುತ್ತ ಡಬ್ಬವನ್ನು ಬಲಗೈಯಿಂದ ಹಿಡಿದು ಹೊರಗೆಳೆದರು. ಹಿಂದೆ ಇಲಿ ಕಡಿದ ವೈರೊಂದು ಇತ್ತು. ಎಳೆದಾಗ ಅದು ಡಬ್ಬದ ಬೆನ್ನಿಗೆ ತಾಗಿತು. ಇದು ನಮಗೆ ಗೊತ್ತಾದದ್ದು ಆಮೇಲೆ.

ಆಗ ನನಗೆ ಕಂಡದ್ದು ಇಷ್ಟೇ. "ಈ ಸದ್ದು ನೋಡಿದ್ರೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಫ್ಯಾನಿನ ಸದ್ದು ಕೇಳುತ್ತಿದ್ದಾರೆ ಅಂದುಕೊಂಡೆ. ಅವರಿಗೆ ತೊಂದರೆಯಾಗದಿರಲೆಂದು ನಾನೂ ಸದ್ದಿಲ್ಲದೆ ನಿಂತೆ. ಈ ನಿಂತದ್ದೇ ನನ್ನ ತಲೆಯಲ್ಲಿ ತಿರುಗಿ ತಿರುಗಿ ಬರುತ್ತದೆ. ಒಬ್ಬ ಮನುಷ್ಯ ನನ್ನ ಕಣ್ಣೆದುರಿಗೆ ಸಾಯುತ್ತಿದ್ದಾಗ ನಾನು ಮರ್ಯಾದೆಗೆ ಸುಮ್ಮನೆ ನಿಂತಿದ್ದೆ. ಆಮೇಲೆ ಅವರ ಕತ್ತಿನ ನರ ಕಂಡಿತು. ಹಲ್ಲು ಕಚ್ಚಿದ ದವಡೆ ಕಂಡಿತು. ಕಣ್ಣು ನನ್ನ ಕಡೆ ತಿರುಗಿತ್ತು, ರೆಪ್ಪೆ ಬಡಿಯುತ್ತಿರಲಿಲ್ಲ.

ಮೇನ್ ಸ್ವಿಚ್ಚು ಮುಂದಿನ ಕೋಣೆಯಲ್ಲಿ, ಶಟರಿನ ಪಕ್ಕ. ನಾನು ಅಲ್ಲಿಗೆ ಓಡಲಿಲ್ಲ. ಅವರ ಕಡೆಗೇ ಓಡಿದೆ, ಎರಡೂ ಕೈ ಚಾಚಿಕೊಂಡು. ಅವರ ಭುಜಕ್ಕೆ ಒಂದು ಗೇಣಿರುವಾಗ ಕೈ ನಿಂತಿತು. ಓದಿದ್ದು ನೆನಪಾಯಿತೋ, ಹೆದರಿದೆನೋ, ಇವತ್ತಿಗೂ ಹೇಳಲಾರೆ. ಪಕ್ಕದ ಪ್ಲಾಸ್ಟಿಕ್ ಕುರ್ಚಿ ಎತ್ತಿ ಅದರ ಕಾಲಿನಿಂದ ಅವರ ಮೊಣಕೈಗೆ ಹೊಡೆದೆ. ಮೊದಲ ಏಟಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಕುರ್ಚಿಯ ಕಾಲು ಮುರಿಯಿತು, ಅವರ ಕೈ ಡಬ್ಬ ಬಿಟ್ಟಿತು. ಅವರು ಒದ್ದೆ ನೆಲದ ಮೇಲೆ ಮಗ್ಗುಲಾದರು. ಅಷ್ಟಾದ ಮೇಲೆ ಕೂಗಿದೆ.

ಜೆರಾಕ್ಸಿನವನು ಓಡಿಬಂದ. ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಅವರೇ ಮಾತಾಡಿದರು. "ನೀರು" ಎಂದರು. ಉಳಿದುಕೊಂಡರು. ಅಂಗೈಯಲ್ಲಿ ಸುಟ್ಟ ಗಾಯ, ಬಲಗೈಯ ಎರಡು ಬೆರಳಲ್ಲಿ ಸ್ಪರ್ಶವಿಲ್ಲ. ಮರುದಿನ ಅವರ ಮನೆಯವರು ಬಂದು ಚಿತ್ರದುರ್ಗಕ್ಕೆ ಕರೆದುಕೊಂಡು ಹೋದರು.

ಸಂಜೆ ಅಂಗಡಿಯ ಬಾಗಿಲು ಹಾಕುವಾಗ ಜೆರಾಕ್ಸಿನವನು ಕೇಳಿದ. "ಕರೆಂಟ್ ಆಫ್ ಮಾಡ್ದೇನೆ ಕೈ ಹಾಕಿದ್ರಂತಾ?"

"ಹೂಂ. ಆನ್ ಇತ್ತು" ಎಂದೆ.

ಅದು ಸುಳ್ಳಲ್ಲ. ಆದರೆ ಆ ಹೂಂ ಒಂದು ವಾರದಲ್ಲಿ ಹೊಳಲ್ಕೆರೆಗೆ ಹೋಯಿತು, ಹಿರಿಯೂರಿಗೆ ಹೋಯಿತು. ಹೋಗುತ್ತ ಹೋಗುತ್ತ ಮೈ ತುಂಬಿಕೊಂಡಿತು. ವಯಸ್ಸಾಯ್ತು ಪಾಪ, ಮೈಮೇಲೆ ಎಚ್ಚರ ಇಲ್ಲ ಎಂದರು ಕೆಲವರು. ಕೈ ನಡುಗುತ್ತಂತೆ ಎಂದರು ಇನ್ನು ಕೆಲವರು. ಚಪ್ಪಲಿಯ ಮಾತನ್ನು ಯಾರೂ ಆಡಲಿಲ್ಲ. ಗೊತ್ತಿದ್ದವರು ಇಬ್ಬರೇ. ಒಬ್ಬರು ಹಾಸಿಗೆ ಹಿಡಿದಿದ್ದರು, ಇನ್ನೊಬ್ಬಳು ನಾನು.

ಎಲೆಕ್ಟ್ರಿಷಿಯನ್ ಬಂದು ಗೋಡೆಯ ಸ್ವಿಚ್‌ಬೋರ್ಡು ಬಿಚ್ಚಿ ನೋಡಿ, "ಇಲ್ಲಿ ಅರ್ತೇ ಇಲ್ವಲ್ರೀ. ಮೂರನೇ ತೂತು ಬರೀ ಅಲಂಕಾರಕ್ಕೈತೆ" ಎಂದ. ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಕಂಬಿ ಇಳಿಸಿ, ತಂತಿ ಎಳೆದ. ವೈರು ಬದಲಾಯಿಸಿದ. ನಮ್ಮ ಕಡೆಯ ನೆಲ ಬೇಸಿಗೆಯಲ್ಲಿ ಕಲ್ಲಾಗುತ್ತದೆ, ಒಣಗಿದರೆ ಅರ್ತ್ ಹಿಡಿಯುವುದಿಲ್ಲ, ವಾರಕ್ಕೊಂದು ಬಕೆಟ್ ನೀರು ಹಾಕ್ತಿರ್ರಿ ಎಂದು ಹೇಳಿಹೋದ. ನಾನು ಬರೀ ಮಣ್ಣಿಗೆ ನೀರು ಹಾಕುವುದನ್ನು ಕಂಡು ಹಿಂದಿನ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಕೇಳಿದರು: "ಏನು ಬೀಜ ಹಾಕೀಯವ್ವ? ಇನ್ನೂ ಮೊಳಕೆನೇ ಬಂದಿಲ್ಲ."

ಒಂದು ತಿಂಗಳಿಗೆ ಅಣ್ಣನ ಫೋನು ಬಂತು. ದನಿ ಮೊದಲಿನ ಹಾಗೇ ಇತ್ತು.

"ಪ್ರೊಸೆಸರ್ ನನ್ನ ಹತ್ರನೇ ಐತೆ ಅಕ್ಕಾರೆ. ಯಾವ ಶುಕ್ರವಾರ ಬರ್ಲಿ?"

ನನ್ನ ಬಾಯಿ ನನ್ನನ್ನು ಕೇಳದೆ ಉತ್ತರ ಕೊಟ್ಟಿತು. "ಇನ್ನೊಂದಿಷ್ಟು ದಿನ ಕಾಯಾಣ ಅಣ್ಣಾರೆ. ಹೊಸದು ಬರ್ತೈತಂತೆ. ರ‍್ಯಾಮ್ ಬೆಲೆ ಬೇರೆ ಏರೈತಂತೆ."

"ರ‍್ಯಾಮ್ ಬದಲಾಯ್ಸೋದೇನಿಲ್ವಲ್ಲ ಅಕ್ಕಾರೆ" ಎಂದರು. ಆದ್ರೂ ಕಾಯಾಣ ಎಂದೆ. "ಆಯ್ತು, ಕಾಯಾಣ" ಎಂದು ಇಟ್ಟರು.

ಎರಡನೇ ತಿಂಗಳು ಮತ್ತೆ ಕೇಳಿದರು. ಹಬ್ಬ ಮುಗೀಲಿ ಎಂದೆ. ಮೂರನೇ ತಿಂಗಳು, ಮದುವೆ ಸೀಸನ್ನು, ಈಗ ಬಿಚ್ಚಿದರೆ ಕೆಲಸ ನಿಲ್ಲುತ್ತೆ ಎಂದೆ. ಕೆಲಸ ಬಿಚ್ಚದೆಯೇ ನಿಲ್ಲುತ್ತಿತ್ತು. ಶ್ರೀರಾಂಪುರದ ಒಬ್ಬರು ತಮ್ಮ ಮಗಳ ಮದುವೆಯ ವಿಡಿಯೊ ವಾಪಸು ತೆಗೆದುಕೊಂಡು ಚಿತ್ರದುರ್ಗಕ್ಕೇ ಹೋದರು. ನನಗೆ ಬೇಸರವಾಗಲಿಲ್ಲ. ಡಬ್ಬ ಬಿಚ್ಚುವ ದಿನ ಇನ್ನಷ್ಟು ದೂರ ಹೋಯಿತಲ್ಲ ಎಂದು ಸಮಾಧಾನವೇ ಆಯಿತು.

ಅಷ್ಟು ದಿನ ನಾನು ಸುಸ್ತಾಗಿದ್ದೆ. ನಿದ್ದೆ ಬರುತ್ತಿತ್ತು, ನಿದ್ದೆಯಿಂದ ಎದ್ದಾಗಲೂ ಸುಸ್ತು. ಮಿಕ್ಸಿ ಹಾಕುವಾಗ, ಬಸ್ಸಿನಲ್ಲಿ ಕಬ್ಬಿಣದ ಸರಳು ಹಿಡಿಯುವಾಗ, ಆ ಅರ್ಧಕ್ಕೆ ನಿಂತ ಮಾತು ಕೇಳುತ್ತಿತ್ತು. ಈ ಸದ್ದು ನೋಡಿದ್ರೆ. ನೋಡಿದರೆ ಏನು? ಅವರು ಏನು ಹೇಳಲಿದ್ದರು? ಪ್ರತಿ ಸಲ ನಾನು ಅದೇ ಬಾಗಿಲಲ್ಲಿ ನಿಂತು ಅವರಿಗೆ ಬೇರೆ ಮಾತು ಹೇಳುತ್ತಿದ್ದೆ: ಇರಲಿ ಬಿಡಿ ಅಣ್ಣಾರೆ, ಚಪ್ಪಲಿ ಹಾಕಿಕೊಂಡೇ ಬನ್ನಿ. ಹಾಗೆ ಹೇಳಿದ ಮೇಲೆ ಏನಾಗುತ್ತಿತ್ತೆಂದು ಮುಂದೆ ಯೋಚಿಸುವಷ್ಟರಲ್ಲಿ ಮಿಕ್ಸಿಯಲ್ಲಿ ಚಟ್ನಿ ನುಣ್ಣಗಾಗಿರುತ್ತಿತ್ತು.

ಐದನೇ ತಿಂಗಳಲ್ಲಿ ಬಂದ ಫೋನು ಅವರದಲ್ಲ, ಅವರ ಹೆಂಡತಿಯದು.

"ಅವರು ಸ್ನಾನಕ್ಕೆ ಹೋಗ್ಯಾರೆ, ಅದಕ್ಕೇ ಮಾಡ್ದೆ ತಾಯಿ. ಒಂದು ಮಾತು ಕೇಳ್ಲಾ? ಬ್ಯಾಡ ಅನ್ನೋದಾದ್ರೆ ಬ್ಯಾಡ ಅಂದ್ಬಿಡ್ರಿ. ಕಾಯಾಣ ಅನ್ಬ್ಯಾಡ್ರಿ."

"ಹಂಗಲ್ಲಮ್ಮ, ಬೆಲೆ..."

"ಬೆಲೆ ನನಗೆ ತಿಳಿಯಲ್ಲ. ಹೊಳಲ್ಕೆರೆ ಕಂಪ್ಯೂಟರ್ ಕ್ಲಾಸಿನೋರೂ ಕಾಯಾಣ ಅಂತಾರೆ. ಹಿರಿಯೂರಿನ ಸ್ಟುಡಿಯೋದೋರೂ ಅಂತಾರೆ. ಯಾಕೆ ಅಂದ್ರೆ, ಹೊಸದುರ್ಗದಕ್ಕನೇ ಕರೀತಿಲ್ಲ, ಕಣ್ಣಾರೆ ಕಂಡೋರು ಅವರು, ನಾವು ಹೆಂಗೆ ಕರೆಯಾಣ ಅಂದ್ರಂತೆ. ಇವರು ಶುಕ್ರವಾರ ಬೆಳಿಗ್ಗೆ ಬ್ಯಾಗು ಜೋಡಿಸ್ಕಂಡು ಜಗಲಿ ಮ್ಯಾಲೆ ಕುಂತಿರ್ತಾರೆ. ಬಸ್ಸು ಹೋಗೋ ಟೈಮ್ ಆದಮ್ಯಾಲೆ ಬಿಚ್ಚಿ ಒಳಗಿಡ್ತಾರೆ. ನೋಡಾಕಾಗಲ್ಲ."

ನನ್ನ ಭಯಕ್ಕೆ ನಾನು ಬೆಲೆಯ ಹೆಸರು ಇಟ್ಟಿದ್ದೆ. ಅದು ಮೂರು ಊರುಗಳಲ್ಲಿ ಅವರ ಕೆಲಸದ ಮೇಲಿನ ತೀರ್ಪಾಗಿ ಓಡಾಡುತ್ತಿತ್ತು. ಇಷ್ಟು ಸಣ್ಣ ವಿಷಯ ತಿಳಿಯುವುದಕ್ಕೆ ನನಗೆ ಐದು ತಿಂಗಳು ಬೇಕಾಯಿತು.

"ಈ ಶುಕ್ರವಾರ ಬರೋಕೆ ಹೇಳ್ರಿ" ಎಂದೆ.

ಬಂದರು. ಮೊದಲಿಗಿಂತ ಸೊರಗಿದ್ದರು. ಬ್ಯಾಗು ಎಡ ಹೆಗಲಿಗೆ ಬದಲಾಗಿತ್ತು. ಬಲಗೈಯನ್ನು ಅಂಗಿಯ ಜೇಬಿನ ಹತ್ತಿರ ಮಡಿಸಿ ಹಿಡಿದಿದ್ದರು. ಜೆರಾಕ್ಸಿನವನು ಅವರ ಹಿಂದೆಯೇ ಬಂದು ಬಾಗಿಲಿಗೆ ಒರಗಿದ. ಗಿರಾಕಿಗಳಿಬ್ಬರು ಮುಂದಿನ ಬೆಂಚಿನ ಮೇಲಿದ್ದರು.

"ಏನಣ್ಣಾರೆ, ಈ ಸಲನಾದ್ರೂ ಸ್ವಿಚ್ ಆಫ್ ಮಾಡ್ಕಳ್ರಿ. ನಮ್ಮ ಅಕ್ಕನ ಹತ್ರ ಇರೋದು ಒಂದೇ ಕುರ್ಚಿ, ಕಾಲು ಮುರಿದೈತೆ ಆಗ್ಲೇ!"

ಬೆಂಚಿನ ಮೇಲಿದ್ದವರು ನಕ್ಕರು. ಅಣ್ಣನೂ ನಗಲು ನೋಡಿದರು. "ಹೂಂ ಕಣಪ್ಪ, ಆಫ್ ಮಾಡ್ತೀನಿ" ಎಂದು ಬಗ್ಗಿ ಚಪ್ಪಲಿ ಕಳಚತೊಡಗಿದರು.

"ಹಾಕ್ಕಂಡೇ ಬರ್ರಿ" ಎಂದೆ. ದನಿ ಬೇಕಾದದ್ದಕ್ಕಿಂತ ಜೋರಾಯಿತು. ಎಲ್ಲರೂ ನನ್ನ ಕಡೆ ನೋಡಿದರು. ಇನ್ನು ನಿಲ್ಲಿಸಿದರೆ ಆಗುವುದಿಲ್ಲ ಅನ್ನಿಸಿತು. ಜೆರಾಕ್ಸಿನವನಿಗೇ ಹೇಳಿದೆ. "ಅವತ್ತೂ ಇವರು ಚಪ್ಪಲಿ ಹಾಕ್ಕಂಡು ಬರ್ತೀನಿ ಅಂದ್ರು. ಕರೆಂಟಿನ ಕೆಲಸ ಅಂದ್ರು. ನಾನೇ ಬಿಡಿಸಿದ್ದು. ನೆಲ ಒರೆಸಿ ಒದ್ದೆ ಮಾಡಿದ್ದೂ ನಾನೇ. ಡಬ್ಬ ಜುಮ್ ಅಂತೈತೆ ಅಂತ ನನಗೆ ಗೊತ್ತಿತ್ತು, ನನ್ನ ಕಾಲಿಗೆ ಮಾತ್ರ ಮಣೆ ಹಾಕ್ಕಂಡಿದ್ದೆ. ಇವರಿಗೆ ಹೇಳ್ಲಿಲ್ಲ. ಇವರ ತಪ್ಪೇನಿಲ್ಲ ಅದರಾಗೆ."

ಜೆರಾಕ್ಸಿನವನು ಒರಗಿದ್ದವನು ನೆಟ್ಟಗೆ ನಿಂತ. "ಮತ್ತೆ ನೀನು ಅವತ್ತು ಹೂಂ ಅಂದೆ?"

"ಅಂದೆ."

ಅಣ್ಣ ಬಗ್ಗಿದ್ದವರು ನಿಧಾನಕ್ಕೆ ಎದ್ದರು. ಹೋಗ್ಲಿ ಬಿಡ್ರಿ ಎನ್ನುತ್ತಾರೆ ಎಂದುಕೊಂಡೆ. ಎನ್ನಲಿಲ್ಲ.

"ನಾನೂ ಹೇಳ್ಬೌದಿತ್ತು ಅಕ್ಕಾರೆ. ಹೇಳಿದ್ರೆ, ತನ್ನ ತಪ್ಪು ಹೆಣ್ಮಗಳ ಮ್ಯಾಲೆ ಹಾಕ್ತಾನೆ ಅಂತಿದ್ರು. ನೀವೇ ಹೇಳ್ತೀರೇನೋ ಅಂತ ಕಾದೆ."

ನಾನು ಬಾಗಿಲಿನಿಂದ ಪಕ್ಕಕ್ಕೆ ಸರಿದೆ. ಅವರು ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬಂದರು.

ನನ್ನನ್ನು ಮೇನ್ ಸ್ವಿಚ್ಚಿನ ಹತ್ತಿರ ನಿಲ್ಲಿಸಿದರು. ಆಫ್ ಮಾಡಿಸಿದರು, ಪ್ಲಗ್ಗು ಕಿತ್ತು ನನಗೆ ಕಾಣುವಂತೆ ಮೇಜಿನ ಮೇಲಿಟ್ಟರು. ಡಬ್ಬದ ಪಕ್ಕೆ ಬಿಚ್ಚಿದರು. ಒಳಗೆ ಎಷ್ಟು ಧೂಳಿತ್ತೆಂದರೆ, ಒಂದು ಮುಷ್ಟಿ ಅರಳೆ ತುಂಬಿದಂತಿತ್ತು. ಐದು ತಿಂಗಳಲ್ಲಿ ಅವರು ಎಡಗೈಗೆ ಕೆಲಸ ಕಲಿಸಿದ್ದರು. ಸ್ಕ್ರೂಗಳನ್ನು ಎಡಗೈ ಬಿಚ್ಚುತ್ತಿತ್ತು, ಬಲಗೈ ಬರೀ ಒತ್ತಿ ಹಿಡಿಯುತ್ತಿತ್ತು. ಹಳೆಯ ಪ್ರೊಸೆಸರನ್ನು ಎತ್ತಿದರು. ಹೊಸದನ್ನು ಅದರ ಸಣ್ಣ ಪೊಟ್ಟಣದಿಂದ ತೆಗೆದರು. ನನಗೆ ಹೊಸದು, ಯಾರಿಗೋ ಹಳೆಯದು. ಉಗುರಿನಷ್ಟು ತಪ್ಪಿದರೂ ಕೆಳಗಿನ ಸೂಜಿಯಂಥ ಪಿನ್ನುಗಳು ಬಾಗುತ್ತವೆ, ಆಮೇಲೆ ಬೋರ್ಡೇ ಹೋಗುತ್ತದೆ. ಜೆರಾಕ್ಸಿನವನು ಉಸಿರು ಹಿಡಿದು ಅವರ ಬೆರಳನ್ನೇ ನೋಡುತ್ತಿದ್ದ.

ಬೆರಳು ನಡುಗಲಿಲ್ಲ. ಮೂಲೆಯ ಗುರುತು ನೋಡಿಕೊಂಡು ಎಡಗೈಯಿಂದ ಮೆಲ್ಲಗೆ ಇಳಿಸಿ ಬಿಟ್ಟರು. ಅದು ತಾನಾಗಿ ಕೂತಿತು. ಬಿಸಿ ಎಳೆಯುವ ಬಿಳಿ ಪೇಸ್ಟು ಹಚ್ಚಿ, ಫ್ಯಾನು ಒರೆಸಿ ಮೇಲೆ ಬಿಗಿದರು. ಪ್ಲಗ್ಗು ಹಾಕಿದರು.

"ಆನ್ ಮಾಡ್ರಿ."

ನನ್ನ ಕೈ ಸ್ವಿಚ್ಚಿನ ಮೇಲಿತ್ತು. ಒತ್ತಲಿಲ್ಲ.

"ಆನ್ ಮಾಡ್ರಿ ಅಕ್ಕಾರೆ. ನಾನು ದೂರ ಐದೀನಿ."

ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಮೇಲೆತ್ತಿ ತೋರಿಸಿದರು. ಪೊಲೀಸರ ಮುಂದೆ ನಿಂತವರ ಹಾಗೆ. ಬೆಂಚಿನ ಮೇಲಿದ್ದವರಲ್ಲಿ ಯಾರೋ ನಕ್ಕರು. ನಾನು ಒತ್ತಿದೆ. ಫ್ಯಾನು ತಿರುಗಿತು. ಅವರು ಟೆಸ್ಟರ್ ತೆಗೆದು ಡಬ್ಬದ ನಾಲ್ಕೂ ಕಡೆ ಮುಟ್ಟಿಸಿದರು. ಟೆಸ್ಟರಿನ ದೀಪ ಹೊತ್ತಲಿಲ್ಲ. ಆಮೇಲೆ ಅವರು ಬಲಗೈಯನ್ನು, ಆ ಗಾಯದ ಅಂಗೈಯನ್ನೇ, ಡಬ್ಬದ ನೆತ್ತಿಯ ಮೇಲೆ ಇಟ್ಟರು. ಜೆರಾಕ್ಸಿನವನಿಗೆ ಕಾಣಲೆಂದು ಇಟ್ಟರೋ, ತಮಗೇ ಬೇಕಾಗಿತ್ತೋ ತಿಳಿಯದು. ನಾನು ಸ್ವಿಚ್ಚಿನ ಮೇಲಿಂದ ಕೈ ತೆಗೆಯಲಿಲ್ಲ. ಅವರು ಕೈ ತೆಗೆಯುವ ತನಕ.

ಅವತ್ತು ಮಧ್ಯಾಹ್ನ ಹಾಕಿದ ವಿಡಿಯೊ ಎರಡು ಗಂಟೆಯೊಳಗೆ ಮುಗಿಯಿತು. ಜೆರಾಕ್ಸಿನವನು ತನ್ನ ಅಂಗಡಿಯ ಕಂಪ್ಯೂಟರನ್ನೂ ನೋಡಿ ಎಂದು ಅಣ್ಣನನ್ನು ಕರೆದುಕೊಂಡು ಹೋದ. ಅಲ್ಲಿಂದ ಅವರಿಬ್ಬರ ದನಿ ಕೇಳುತ್ತಿತ್ತು. ನನಗೆ ಸಂತೋಷವಾಗಬೇಕಿತ್ತು. ನಾನು ಗೋಡೆಗೆ ಒರಗಿ ಕೂತೇ ಇದ್ದೆ. ಫ್ಯಾನಿನ ಸದ್ದು ಈಗ ಕೇಳಿಸುವುದೇ ಇಲ್ಲ. ಆದರೂ ಅದು ನಿಂತಿತೇನೋ ಎಂದು ಮತ್ತೆ ಮತ್ತೆ ಕಿವಿಗೊಡುತ್ತೇನೆ.

ಸಂಜೆ ಅವರನ್ನು ಬಸ್ಸಿಗೆ ಹತ್ತಿಸಿ ಬಂದು ಹೊಳಲ್ಕೆರೆಯ ಕಂಪ್ಯೂಟರ್ ಕ್ಲಾಸಿನವರಿಗೆ ಫೋನು ಮಾಡಿದೆ. ಚಪ್ಪಲಿಯಿಂದ ಶುರುಮಾಡಿ ಎಲ್ಲ ಹೇಳಿದೆ. ಆ ಹೆಂಗಸು "ಇದನ್ನ ಆವಾಗ್ಲೇ ಹೇಳಿದ್ರೆ ಆಗ್ತಿತ್ತಲ್ರಿ" ಎಂದರು. ಆಗುತ್ತಿತ್ತು ಎಂದೆ. ಮುಂದಿನ ಬುಧವಾರ ಕರೆಸುತ್ತೇನೆ ಎಂದರು.

ಹಿರಿಯೂರಿನ ಸ್ಟುಡಿಯೋದವರಿಗೆ ಇನ್ನೂ ಮಾಡಿಲ್ಲ. ಅವರು ಬಹಳ ಪ್ರಶ್ನೆ ಕೇಳುವ ಮನುಷ್ಯ. ನಾಳೆ ಮಾಡಬೇಕು, ಅಣ್ಣನ ಹಿರಿಯೂರಿನ ಸೋಮವಾರ ಬರುವುದರೊಳಗೆ.